ಕೆರೆ ಪಕ್ಕದ ಅಪಾರ್ಟ್‌ಮೆಂಟ್: ಭಾನುವಾರ ಸೇರೋಣ

ಎಲ್ಲರಿಗೂ ನಮಸ್ಕಾರ. ಕೆರೆ ಪಕ್ಕದ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಬರುತ್ತಿದೆ. ಮನೆ ಕಟ್ಟಬೇಡಿ ಅಂತ ನಾವು ಹೇಳುತ್ತಿಲ್ಲ. ಒಂದು ಕಾಲಕ್ಕೆ ನಾವೂ ಇಲ್ಲಿಗೆ ಹೊಸಬರೇ ಅಲ್ವಾ? ಆದರೆ ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಒತ್ತುವರಿಯಾದರೆ ಏನಾಗುತ್ತದೆ ಅಂತ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ನೋಡಿದ್ದೇವೆ. ಕೋಟಿ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು! ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ದಾರಿ ಇಲ್ಲದಿದ್ದರೆ ಬೇಸ್‌ಮೆಂಟಿಗೇ ನುಗ್ಗುತ್ತದೆ.

ಸುಮ್ನೆ ಇಲ್ಲಿ ಫಾರ್ವರ್ಡ್ ಹಾಕಿ ಪ್ರಯೋಜನವಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರ್ ತೆಗೆದು, ರಾಜಕಾಲುವೆ ಅಲ್ಲಿ ಹಾದುಹೋಗುತ್ತದಾ ಅಂತ ನೋಡಿ. ಮರ ಕಡಿಯಲು ಅನುಮತಿ ತೆಗೆದುಕೊಂಡಿದ್ದಾರಾ ಅಂತಲೂ ಕೇಳಬೇಕು. ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕ್ ಹತ್ತಿರ ಬನ್ನಿ. ಹಳೇ ಗ್ರಾಮ ನಕ್ಷೆ ಇದ್ದವರು ತನ್ನಿ.