ಸಿಂಡ್ರೆಲಾ ಯಾಕೆ ಹೇಳಿದ್ದೆಲ್ಲಾ ಕೇಳ್ತಾಳೆ?

ಪುಟ್ಟಿ,

ಸಿಂಡ್ರೆಲಾನ ಈಗಿನ ಬೆಂಗ್ಳೂರಿಗೆ ತಂದು ನೀನು ಬರ್ದು ವಾಟ್ಸಾಪಲ್ಲಿ ಕಳ್ಸಿದ್ ಕಥೆ ಓದ್ದೆ. ಫೋನಲ್ಲೇ ಹೇಳ್ಬೋದಿತ್ತು, ಆದ್ರೆ ನೀನು ನಡುವೆ ಬಾಯಿ ಹಾಕ್ತೀಯ, ಇಲ್ಲಾಂದ್ರೆ ಇಲ್ಲಿ ನೆಟ್‌ವರ್ಕ್ ಹೋಗತ್ತೆ, ಅದ್ಕೆ ಬರೀತಿದೀನಿ.

ಕುಂಬಳಕಾಯಿ ಗಾಡಿ ಬದ್ಲು ಕ್ಯಾಬು, ಅರಮನೆ ಬದ್ಲು ಆಫೀಸ್ ಪಾರ್ಟಿ, ಗಾಜಿನ ಚಪ್ಲಿ ಬದ್ಲು ಮರ್ತು ಬಿಟ್ ಹೋದ ಇಯರ್‌ಫೋನು. ನಗು ಬಂತು, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಒಳಗಿರೋ ಹುಡ್ಗಿ ಮಾತ್ರ ಅದೇ ಹಳೇ ಹುಡ್ಗಿ ಕಣೆ, ಮಲತಾಯಿ ಗುಡ್ಸು ಅಂದ್ರೆ ಗುಡಿಸ್ತಾಳೆ, ತೊಳಿ ಅಂದ್ರೆ ತೊಳೀತಾಳೆ. ಯಾಕೆ? ಬೆಂಗ್ಳೂರಲ್ಲಿ ಕೆಲ್ಸ ಇರೋ ಹುಡ್ಗಿ ಬ್ಯಾಗ್ ಎತ್ಕೊಂಡು ಪಿಜಿಗೆ ಹೋಗ್ಬೋದಲ್ವಾ?

ಇದೇ ಪ್ರಶ್ನೆ ಹಿಡ್ಕೊಂಡು ಗೇಲ್ ಕಾರ್ಸನ್ ಲೆವಿನ್ ಅನ್ನೋಳು 1997ರಲ್ಲಿ 'ಎಲ್ಲಾ ಎನ್ಚಾಂಟೆಡ್' ಬರ್ದಿದಾಳೆ. ಅದ್ರಲ್ಲಿ ಹುಟ್ಟಿದ್ ಮಗುಗೆ ಒಬ್ಳು ದೇವತೆ ದೊಡ್ಡ ಉಪಕಾರ ಅನ್ಕೊಂಡು ವಿಧೇಯತೆಯ ವರ ಕೊಟ್ಟುಬಿಡ್ತಾಳೆ, ಯಾರು ಏನು ಆಜ್ಞೆ ಮಾಡಿದ್ರೂ ಈ ಹುಡ್ಗಿ ಮಾಡ್ಲೇಬೇಕು, ಮೈಯೇ ಕೇಳಲ್ಲ. ಒಳ್ಳೇ ಹೆಣ್ಮಗು ಅಂತ ನಾವು ಹೊಗಳೋದಿದ್ಯಲ್ಲ, ಅದನ್ನೇ ಶಾಪ ಮಾಡಿಟ್ಟಿದಾಳೆ. ಮಕ್ಕಳ ಪುಸ್ತಕವೇ, ಆದ್ರೂ ನಾನು ಓದಿ ಎರಡ್ ದಿನ ನಿಂಗೆ ಏನೂ ಕೆಲ್ಸ ಹೇಳಿರ್ಲಿಲ್ಲ, ನೆನಪಿದ್ಯಾ?

ಏಂಜೆಲಾ ಕಾರ್ಟರ್ ಪುಸ್ತಕ, ಹಳೇ ಕಥೆಗಳನ್ನ ತಿರುಗ್ಸಿ ಬರ್ದಿರೋ 'ದ ಬ್ಲಡಿ ಚೇಂಬರ್' (1979), ಆಗ ನಿನ್ ಕೈಗೆ ಸಿಗ್ದೇ ಇರೋ ಹಾಗೆ ಅಟ್ಟದ ಮೇಲಿಟ್ಟಿದ್ದೆ, ಈಗ ಓದ್ಬೋದು. ಹೆಂಡ್ತೀರನ್ನ ಕೊಲ್ಲೋ ನೀಲಿಗಡ್ಡದವನ ಕಥೆ ಗೊತ್ತಲ್ಲ, ಫ್ರಾನ್ಸಿನ ಪೆರೋ 1697ರಲ್ಲಿ ಬರ್ದಿದ್ದು. ಅಲ್ಲಿ ಕೊನೇಲಿ ಅಣ್ಣಂದ್ರು ಬಂದು ಕಾಪಾಡ್ತಾರೆ. ಕಾರ್ಟರ್ ಕಥೇಲಿ ಹುಡ್ಗಿಯ ಅಮ್ಮ ಬರ್ತಾಳೆ! ತೀರ್ಕೊಂಡ ತನ್ನ ಗಂಡನ ರಿವಾಲ್ವರ್ ಹಿಡ್ಕೊಂಡು, ಕುದುರೆ ಹತ್ಕೊಂಡು. ಆ ಪುಟ ನಾನು ಎಷ್ಟ್ ಸಲ ಓದಿದೀನೋ. ನಂಗೆ ಸ್ಕೂಟಿನೇ ಸರಿಯಾಗಿ ಬರಲ್ಲ, ಆದ್ರೂ ನೀನ್ ಕರೆದ್ರೆ ಹೊರಡೋಳೇ.

ಎಲ್ಲಕ್ಕಿಂತ ಜಾಸ್ತಿ ಇಷ್ಟ ಆಗಿದ್ದು ನವೋಮಿ ನೋವಿಕ್‌ದು, 'ಸ್ಪಿನ್ನಿಂಗ್ ಸಿಲ್ವರ್', 2018ದು. ಹುಲ್ಲಿಂದ ಚಿನ್ನ ನೂಲೋ ಗ್ರಿಮ್ ಕಥೆ ಇದ್ಯಲ್ಲ, ಕುಳ್ಳ ಬಂದು ನನ್ ಹೆಸ್ರು ಹೇಳು ಅಂತಾನಲ್ಲ, ಅದರ ಎಳೆ ಹಿಡ್ದು ಬರ್ದಿರೋದು. ಮಿರ್ಯೆಮ್ ಅಂತ ಒಬ್ಬ ಯಹೂದಿ ಹುಡ್ಗಿ, ಅಪ್ಪ ಬಡ್ಡಿಗೆ ಸಾಲ ಕೊಡೋನು, ಆದ್ರೆ ವಾಪಸ್ ಕೇಳೋಕೆ ಬಾಯಿ ಬರಲ್ಲ. ಊರೋರು ಅವ್ನ ದುಡ್ಡಲ್ಲಿ ಚೆನ್ನಾಗಿದಾರೆ, ಅವ್ನ ಮನೇಲಿ ಚಳೀಗೆ ಸೌದೆ ಇಲ್ಲ. ನಿನ್ ಅಜ್ಜಯ್ಯನ ಹಾಗೇ ಕಣೆ, ಅಡಿಕೆ ಮಾರಿದ್ ದುಡ್ಡು ಕೈಗಡ ಕೊಟ್ಟು, ತಗೊಂಡೋರು ನಮ್ ಜಗಲೀಲೇ ಕೂತು ಕಾಫಿ ಕುಡೀತಿದ್ರೂ ಇವ್ರು ಮಳೆ ವಿಷ್ಯ ಮಾತಾಡೋರು. ಅಮ್ಮ ಕಾಯಿಲೆ ಬಿದ್ದಾಗ ಮಿರ್ಯೆಮ್ಮೇ ಮನೆಮನೆಗೆ ಹೋಗಿ ವಸೂಲಿ ಮಾಡ್ತಾಳೆ. ಆಮೇಲೆ ಬೆಳ್ಳಿ ಕೊಟ್ರೆ ಚಿನ್ನ ಮಾಡ್ತೀನಿ ಅಂತ ಜಂಬ ಕೊಚ್ಕೋತಾಳೆ, ಅದು ಹಿಮದ ರಾಜನ ಕಿವಿಗೆ ಬಿದ್ದು ಕಥೆ ಎಲ್ಲಿಗೋ ಹೋಗತ್ತೆ. ಆದ್ರೆ ಮೊದ್ಲು ಬೆಳ್ಳಿ ಚಿನ್ನ ಆಗೋದು ಮಂತ್ರದಿಂದಲ್ಲ, ಬೆಳ್ಳೀಲಿ ಒಡವೆ ಮಾಡ್ಸಿ ಚಿನ್ನಕ್ಕೆ ಮಾರ್ತಾಳೆ, ಶುದ್ಧ ವ್ಯಾಪಾರ. ನಡುವೆ ಸ್ವಲ್ಪ ಎಳ್ದಿದಾಳೆ, ಸುಮಾರು ಜನ ಸರದಿ ಮೇಲೆ ಕಥೆ ಹೇಳ್ತಾರೆ, ಯಾರು ಯಾರು ಅಂತ ತಲೆ ಕೆಡತ್ತೆ, ಬಿಡ್ಬೇಡ.

ಇಷ್ಟೆಲ್ಲ ಹೇಳೋ ಅಮ್ಮ ಕುವೆಂಪು ಕಿಂದರಿಜೋಗೀನ ಯಾಕೆ ಹೊಗಳ್ತಾಳೆ ಅಂತ ಕೇಳ್ತೀಯ, ಗೊತ್ತು. ಅವ್ರೂ ಜರ್ಮನಿಯ ಹ್ಯಾಮೆಲಿನ್ ಊರನ್ನ ಎತ್ಕೊಂಡು ಬಂದು ತುಂಗೆ ದಡದಲ್ಲಿ ಇಟ್ರು, ಮೇಯರ್ ಬದ್ಲು ಗೌಡ, ಕೊಳಲು ಬದ್ಲು ಕಿಂದರಿ, ಅಷ್ಟೇ ತಾನೆ? ಆದ್ರೆ ಆ ಗೌಡ ಮಾತು ಕೊಟ್ಟು ಆಮೇಲೆ ಜಾರ್ಕೊಳೋದಿದ್ಯಲ್ಲ, ಅವ್ನು ನಮ್ಮೂರೋನೇ ಅನ್ಸತ್ತೆ. ಅದೇ ಕಥೆಯ ಬ್ರೌನಿಂಗ್ ಇಂಗ್ಲಿಷ್ ಪದ್ಯ ಕಾಲೇಜಲ್ಲಿ ಓದೋವರ್ಗೂ ಅದು ಪರದೇಶದ ಕಥೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ನಿನ್ ಕ್ಯಾಬ್ ಡ್ರೈವರ್ ಒಂದ್ ಮಾತೂ ಆಡಲ್ಲ ನೋಡು, ಎಲ್ಲಿಗ್ ಮೇಡಂ, ಕ್ಯಾಶಾ ಆನ್‌ಲೈನಾ ಅಂತ ಕೂಡ ಕೇಳಲ್ಲ!

ಇನ್ನೊಂದು, ದೂರದ ಕಥೇನೇ ಯಾಕೆ ಬೇಕು? ಅಡಿಕೆ ಸುಲಿಯೋ ರಾತ್ರಿ ಅಜ್ಜಿ ಮೆಟ್ಟುಗತ್ತಿ ಮೇಲೆ ಕೂತು ಹೇಳ್ತಿದ್ದ ಹೂವಿನ ಮರದ ಕಥೆ ಮರ್ತ್ಯಾ? ಒಂದು ಕೊಡ ನೀರು ಹೊಯ್ದ್ರೆ ಹುಡ್ಗಿ ಮರ ಆಗ್ತಾಳೆ, ಇನ್ನೊಂದು ಹೊಯ್ದ್ರೆ ಮತ್ತೆ ಹುಡ್ಗಿ. ಈಗ ಸುಲಿಯೋ ಮಷಿನ್ ಬಂದಿದೆ, ಆ ಸದ್ದಲ್ಲಿ ಕಥೆ ಎಲ್ಲಿ ಹೇಳ್ತೀಯ. ಎ.ಕೆ. ರಾಮಾನುಜನ್ ಅದನ್ನ ಇಂಗ್ಲಿಷಿಗೆ ಮಾಡಿದ್ರು, 2006ರಲ್ಲಿ ವಿಯೆನ್ನಾದಲ್ಲಿ ಒಪೆರಾನೂ ಆಯ್ತು. ಆ ಕಥೇಲಿ ಹುಡ್ಗೀನ ಅವ್ಳ ನಾದಿನಿ ತೋಟಕ್ಕೆ ಕರ್ಕೊಂಡು ಹೋಗಿ, ಮರ ಆಗು ಅಂತ ಬಲವಂತ ಮಾಡಿ, ಗೆಳತೀರ ಜೊತೆ ಕೊಂಬೆ ಎಲ್ಲ ಮುರ್ದು, ಅರ್ಧಂಬರ್ಧ ನೀರು ಹಾಕಿ ಓಡಿಹೋಗ್ತಾಳೆ. ಕೈಕಾಲಿಲ್ದೆ ಬರೀ ಮುಂಡ ಉಳೀತಲ್ಲ, ಅದನ್ನ ತಿರುಗಿ ನೋಡಿದ್ಲಾ ಆ ನಾದಿನಿ? ರಾತ್ರಿ ಊಟ ಸೇರ್ತಾ ಅವ್ಳಿಗೆ? ಅಜ್ಜೀನ ಕೇಳಿದ್ರೆ 'ಕೈ ನಿಲ್ಸಬೇಡ, ಅಡಿಕೆ ಸುಲಿ' ಅಂತಿದ್ರು.

ಆ ನಾದಿನಿ ಕಡೆಯಿಂದ ಬರಿ ನೋಡೋಣ.

ಪುಸ್ತಕ ಮೂರೂ ನಾಳೆ ರಾತ್ರಿ ಬಸ್ಸಿಗೆ ಹಾಕ್ತೀನಿ. ಜೊತೆಗೆ ಅಪ್ಪೆಮಿಡಿ ಡಬ್ಬ ಇದೆ, ಮೊದ್ಲು ಅದನ್ನ ಹೊರಗೆ ತೆಗಿ, ಕಾರ್ಟರ್ ಮೇಲೆ ರಸ ಸೋರೀತು.

ಅಮ್ಮ