ಔಷಧಿ ಉಚಿತ, ದಾರಿಖರ್ಚಿಗೆ ನಿಮ್ಮ ನೆರವು ಬೇಕು

ಮಾನ್ಯರೇ,

ಪಾವಗಡದ ಗಡಿಯೂರುಗಳ ಸೊಸೆಯರಿಗೆ ಎಷ್ಟೋ ಸಲ ಆಂಧ್ರವೇ ತವರು. ಹೆರಿಗೆ ಒಂದು ಕಡೆ, ಬಾಣಂತನ ಇನ್ನೊಂದು ಕಡೆ. ತಾಯಿ ಕಾರ್ಡಿನಲ್ಲಿ ಬರೆಸಿದ್ದು ಗಂಡನ ಮೊಬೈಲ್ ನಂಬರು. ಕೂಲಿಗೆಂದು ಬೆಂಗಳೂರಿಗೆ ಹೋದ ಅವನು ಸಿಮ್ ಬದಲಿಸಿರುತ್ತಾನೆ. ಮಗುವಿನ ಎಚ್‌ಐವಿ ರಕ್ತಪರೀಕ್ಷೆಯ ವರದಿ ಬರುವುದು ಸರಿಯಾಗಿ ಆ ದಿನಗಳಲ್ಲೇ.

ನಮ್ಮ ಪುಟ್ಟ ಟ್ರಸ್ಟ್ ಮಾಡುವುದು ಒಂದೇ ಕೆಲಸ. ತುಮಕೂರು ಜಿಲ್ಲೆಯಲ್ಲಿ ಎಚ್‌ಐವಿ ಸೋಂಕು ಪತ್ತೆಯಾದ ಹಸುಗೂಸುಗಳನ್ನು, ತಾಯಂದಿರು ಲಿಖಿತವಾಗಿ ಒಪ್ಪಿದ ಮೇಲೆ, ಈ ಸೋಂಕಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ತಲುಪಿಸುತ್ತೇವೆ. ಪರೀಕ್ಷೆಗೆ ದುಡ್ಡಿಲ್ಲ. ಔಷಧಿಯನ್ನೂ 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿದೆ. ಹಾಗಾದರೆ ದೇಣಿಗೆ ಏಕೆ ಎಂದು ನೀವು ಕೇಳಬೇಕು, ಕೇಳಲೇಬೇಕು.

ಸೋಂಕಿರುವ ತಾಯಿಗೆ ಹುಟ್ಟಿದ ಮಕ್ಕಳಿಗೆಲ್ಲ ಸೋಂಕು ತಗಲುವುದಿಲ್ಲ. ಬಸಿರಿನಲ್ಲೇ ತಾಯಿ ಔಷಧಿ ಸೇವಿಸಿ, ಹುಟ್ಟಿದ ಕೂಡಲೇ ಮಗುವಿಗೂ ಸಿರಪ್ ಕುಡಿಸಿದರೆ ಬಹುಪಾಲು ಮಕ್ಕಳು ಪಾರಾಗುತ್ತಾರೆ. ಆದರೂ ಆರನೇ ವಾರದಲ್ಲಿ ಹಿಮ್ಮಡಿ ಚುಚ್ಚಿ, ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ದೊಡ್ಡವರ ಪರೀಕ್ಷೆ ಇಲ್ಲಿ ನಡೆಯದು, ಅದು ಹುಡುಕುವುದು ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳನ್ನು. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಒಂದೂವರೆ ವರ್ಷದವರೆಗೂ ಉಳಿದಿರಬಹುದು. ವರದಿಯಲ್ಲಿ ಸೋಂಕು ಕಂಡರೆ ಖಚಿತಪಡಿಸಿಕೊಳ್ಳಲು ಇನ್ನೊಮ್ಮೆ ರಕ್ತ ತೆಗೆಯುತ್ತಾರೆ, ಆದರೆ ಅದಕ್ಕಾಗಿ ಔಷಧಿಯನ್ನು ತಡೆದಿಡುವಂತಿಲ್ಲ. ಚಿಕಿತ್ಸೆ ಸಿಗದಿದ್ದರೆ ಮೂರರಲ್ಲಿ ಸುಮಾರು ಒಂದು ಮಗು ವರ್ಷ ತುಂಬುವುದರೊಳಗೆ ತೀರಿಹೋಗುತ್ತದೆ. ಕಾಯಿಲೆಯ ಲಕ್ಷಣಕ್ಕಾಗಿ ಕಾಯದೆ ಮೊದಲ ವಾರಗಳಲ್ಲೇ ಔಷಧಿ ಶುರು ಮಾಡಿದಾಗ ಸಾವು ಶೇಕಡಾ 76ರಷ್ಟು ಕಡಿಮೆಯಾದುದನ್ನು ದಕ್ಷಿಣ ಆಫ್ರಿಕಾದ ವೈದ್ಯರು 2008ರಲ್ಲಿ ಪ್ರಕಟಿಸಿದರು.

ಆದರೆ ಎರಡು ತಿಂಗಳ ಕೂಸು ನೋಡಲು ದುಂಡುದುಂಡಗೇ ಇರುತ್ತದೆ. "ಚೆನ್ನಾಗಿರುವ ಮಗುವನ್ನು ಈ ಬಿಸಿಲಲ್ಲಿ ತುಮಕೂರಿಗೆ ಏಕಮ್ಮಾ ಹೊತ್ತುಕೊಂಡು ಹೋಗುತ್ತೀಯ?" ಎಂದು ಅತ್ತೆ ಕೇಳಿದರೆ, ಮನೆಯಲ್ಲಿ ಯಾರಿಗೂ ವಿಷಯ ಹೇಳದ ಸೊಸೆ ಏನೆನ್ನಬೇಕು? ಅತ್ತೆಯನ್ನು ನಾನು ದೂರುವುದಿಲ್ಲ. ಬಾಣಂತಿಯನ್ನು ಹೊಸಿಲು ದಾಟಿಸದೆ ಕಾಪಾಡಿದ ಕೈಗಳು ಅವು.

ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಶಕ್ತಿ ಯೋಜನೆ ಬಂದ 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ, ನಿಜ. ಖಾಸಗಿ ಬಸ್ಸಿಗೆ ಅದು ಅನ್ವಯಿಸದು. ಊರಿನಿಂದ ನಿಲ್ದಾಣದವರೆಗಿನ ಆಟೋಗೆ ಯಾವ ಯೋಜನೆಯೂ ಇಲ್ಲ. ಜೊತೆಗೆ ಬರುವವರ ಒಂದು ದಿನದ ಕೂಲಿಯೂ ಹೋಗುತ್ತದೆ. ಒಮ್ಮೆ ಹೋಗಿಬಂದರೆ ಮುಗಿಯಿತೆಂದೂ ಅಲ್ಲ. ಕೂಸಿನ ತೂಕ ಏರಿದಂತೆ ಔಷಧಿಯ ಪ್ರಮಾಣವನ್ನೂ ಏರಿಸಬೇಕು. ಹಾಗಾಗಿ ಅಜ್ಜಿಯ ಕೈಯಲ್ಲಿ ಔಷಧಿ ತರಿಸಿಕೊಂಡರೆ ಆಗದು, ಕೂಸೇ ಬಂದು ತಕ್ಕಡಿ ಏರಬೇಕು.

ಹೋಗಿಬರುವ ಖರ್ಚು, ಅಂದಿನ ಊಟ, ಕೂಲಿಯ ಒಂದಿಷ್ಟು ಭರ್ತಿ, ಫೋನಿಗೆ ಸಿಗದವರ ಮನೆ ಹುಡುಕಿಕೊಂಡು ಹೋಗುವ ನಮ್ಮ ಕಾರ್ಯಕರ್ತೆಯ ಸ್ಕೂಟರಿನ ಪೆಟ್ರೋಲು: ನಿಮ್ಮ ಹಣ ಹೋಗುವುದು ಇಷ್ಟಕ್ಕೇ. 500 ರೂಪಾಯಿ ಕೊಟ್ಟರೂ ಸಂತೋಷ, ಐವತ್ತು ಕೊಟ್ಟರೂ ಸಂತೋಷ. ನಾಮಕರಣ, ಹುಟ್ಟುಹಬ್ಬಗಳ ಖರ್ಚಿನಲ್ಲಿ ಒಂದು ಪಾಲನ್ನು ಈ ಮಕ್ಕಳಿಗೆಂದು ತೆಗೆದಿಟ್ಟವರೂ ಇದ್ದಾರೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಸರ ಬೇಡ. ಮಗುವಿನ ಫೋಟೋ ಕೇಳಬೇಡಿ. ಊರಿನ ಹೆಸರನ್ನೂ ಕೇಳಬೇಡಿ. ಒಬ್ಬರ ಸೋಂಕಿನ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ನಾವು ಕೊಡುತ್ತಿರಲಿಲ್ಲ. ದಾನಿಗಳ ಮುಂದೆ ಮಗುವನ್ನು ನಿಲ್ಲಿಸಿ ಶಾಲು ಹೊದಿಸುವ ಸಮಾರಂಭವೂ ನಮ್ಮಲ್ಲಿಲ್ಲ. ಲೆಕ್ಕಪುಸ್ತಕ ಮಾತ್ರ ಕಚೇರಿಯ ಮೇಜಿನ ಮೇಲೆಯೇ ಇರುತ್ತದೆ. ಯಾವ ದಿನ ಬಂದರೂ ನೋಡಬಹುದು.

ಹಣ ತಲುಪಿದ ದಿನವೇ ರಸೀದಿ ಬರೆದುಕೊಡುತ್ತೇವೆ. ಅದನ್ನು ನಿಮ್ಮ ಮನೆಯಲ್ಲಿ ಯಾರು ನೋಡಿದರೂ ತೊಂದರೆಯಿಲ್ಲ, ಬಾಬತ್ತಿನ ಮುಂದೆ 'ಪ್ರಯಾಣ ವೆಚ್ಚ' ಎಂದಷ್ಟೇ ಇರುತ್ತದೆ.

ಇತಿ,
ಟ್ರಸ್ಟಿನ ಪರವಾಗಿ
ಕಾರ್ಯದರ್ಶಿ, ತುಮಕೂರು