ಅಟ್ಟೆಯ ದರ ಮತ್ತು ಒಂಟಿ ಚುಕ್ಕೆ

ಶಂಕರಪುರ, ಉಡುಪಿ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಮ್ಮ ಮಲ್ಲಿಗೆಯ ದರ ಬರೆದಿಡುವ ಡೈರಿ ನೋಡಿ ನೀನು ಬಿಡಿಸಿ ಕಳುಹಿಸಿದ ಬಾಕ್ಸ್ ಪ್ಲಾಟ್, ಅಂದರೆ ದರಗಳ ಹರಡಿಕೆ ತೋರಿಸುವ ಪೆಟ್ಟಿಗೆಯ ಚಿತ್ರ, ತಲುಪಿತು. ಗೆರೆಗಳು ಅಚ್ಚುಕಟ್ಟಾಗಿವೆ. ಆದರೆ 1600 ರೂಪಾಯಿ ದರದ ದಿನ ಎಲ್ಲಿ ಹೋಯಿತು? ಅತ್ತೆ ತಪ್ಪಿ ಬರೆದಿರಬೇಕೆಂದು ಬಿಟ್ಟುಬಿಟ್ಟೆಯಂತೆ. ನಿನ್ನ ಅಪ್ಪನಾದರೆ ಹಾಗೆ ಬರೆದಾನು, ನಾನಲ್ಲ.

ಹನ್ನೊಂದು ದಿನಗಳ ಅಟ್ಟೆಯ, ಅಂದರೆ ನಾವು ಮಲ್ಲಿಗೆ ಮಾರುವ ಅಳತೆಯ, ದರವನ್ನು ಏರಿಕೆಯ ಕ್ರಮದಲ್ಲಿ ಇನ್ನೊಮ್ಮೆ ಬರೆ: 260, 300, 320, 350, 380, 400, 450, 520, 600, 760, 1600. ಆರನೆಯದು 400, ಅದೇ ಮಧ್ಯಾಂಕ. ಅದನ್ನು ಬಿಟ್ಟು ಕೆಳಗಿನ ಐದರ ನಡುವಿನದು 320, ಮೇಲಿನ ಐದರ ನಡುವಿನದು 600. ಪೆಟ್ಟಿಗೆ ಈ ಎರಡರ ನಡುವೆ, 400ರಲ್ಲಿ ಅಡ್ಡಗೆರೆ. ಕಂಪ್ಯೂಟರ್ 335, 560 ಎಂದು ತೋರಿಸಿದರೆ ಜಗಳಕ್ಕೆ ಹೋಗಬೇಡ. ಚತುರ್ಥಕ, ಅಂದರೆ ಪೆಟ್ಟಿಗೆಯ ಎರಡು ತುದಿ, ಹಿಡಿಯುವ ಕ್ರಮ ಒಂದಕ್ಕಿಂತ ಹೆಚ್ಚಿದೆ.

ನೀನು ಎಡವಿದ್ದು ಮೀಸೆಯಲ್ಲಿ, ಪೆಟ್ಟಿಗೆಯಿಂದ ಹೊರಕ್ಕೆ ಎಳೆಯುವ ಗೆರೆಯಲ್ಲಿ. ಪೆಟ್ಟಿಗೆಯ ಉದ್ದ 280, ಅದರ ಒಂದೂವರೆ ಪಟ್ಟು 420. 600ಕ್ಕೆ ಕೂಡಿಸಿದರೆ 1020. ನೀನು ಮೀಸೆಯನ್ನು ಅಲ್ಲಿಯವರೆಗೂ ಎಳೆದಿದ್ದೀಯೆ. 1020 ಬರೀ ಬೇಲಿ, ಆ ದರಕ್ಕೆ ನಾವು ಒಂದು ದಿನವೂ ಹೂ ಕೊಟ್ಟಿಲ್ಲ. ಬೇಲಿಯೊಳಗೆ ನಿಜವಾಗಿ ಸಿಕ್ಕ ಹೆಚ್ಚಿನ ದರ 760. ಮೀಸೆ ಅಲ್ಲಿಗೇ ನಿಲ್ಲಬೇಕು. ಕೆಳಗಿನ ಮೀಸೆ 260ಕ್ಕೆ. 1600 ಬೇಲಿಯ ಆಚೆ, ಒಂಟಿ ಚುಕ್ಕೆಯಾಗಿ. ಈ ಒಂದೂವರೆ ಪಟ್ಟು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1970ರ ದಶಕದಲ್ಲಿ ಹಾಕಿಕೊಟ್ಟ ವಾಡಿಕೆ. ಬೇಲಿ ದಾಟಿದ್ದನ್ನು ವಿಚಾರಿಸು ಎಂದಷ್ಟೇ ಅದರ ಅರ್ಥ, ಅಳಿಸು ಎಂದಲ್ಲ.

ಪೆಟ್ಟಿಗೆಯ ಮೇಲಿನ ಭಾಗ ಉದ್ದವಿರುವುದರಿಂದ ಅಲ್ಲಿ ಹೆಚ್ಚು ದಿನಗಳಿವೆ ಎಂದೂ ಬರೆದಿದ್ದೀಯೆ. ಚಿಕ್ಕಂದಿನಲ್ಲಿ ನನ್ನ ಪಕ್ಕ ಕುಳಿತು ಬಾಳೆನಾರು ಸೀಳಿ ಕೊಡುತ್ತಿದ್ದವಳು ನೀನು! ಒಂದು ಅಟ್ಟೆಗೆ ನಾಲ್ಕು ಚೆಂಡು (ನಾರಿನಲ್ಲಿ ಕಟ್ಟಿದ ಹೂಮಾಲೆ), ಚೆಂಡಿಗೆ 800 ಹೂ. ಸಡಿಲವಾಗಿ ಕಟ್ಟಿದರೆ ಚೆಂಡು ಉದ್ದವಾದೀತು, ಹೂ ಹೆಚ್ಚುವುದಿಲ್ಲ. ಚಿತ್ರದಲ್ಲಿಯೂ ನಾಲ್ಕು ಭಾಗಗಳು (ಅಡ್ಡಗೆರೆಯ ಆಚೆ ಈಚೆ ಪೆಟ್ಟಿಗೆಯ ಎರಡು, ಮೀಸೆಗಳ ಕಡೆಯ ಎರಡು), ಒಂದೊಂದರಲ್ಲಿ ಸುಮಾರು ಕಾಲು ಪಾಲು ದಿನಗಳು. ಉದ್ದವಿರುವ ಕಡೆ ದರಗಳು ದೂರದೂರ ಹರಡಿವೆ, ಅಷ್ಟೆ.

ಸರಾಸರಿ 540 ಬರುತ್ತದೆ. ಹನ್ನೊಂದರಲ್ಲಿ ಎಂಟು ದಿನ ನಮಗೆ ಅಷ್ಟು ಸಿಗಲೇ ಇಲ್ಲ. ಸರಾಸರಿಯನ್ನು ನಂಬಿ ಸಾಲ ಮಾಡಿದ್ದರೆ ಕೆಟ್ಟೆವು.

1600ರ ಸಂಗತಿ ಇಷ್ಟು: ಎರಡು ದಿನ ಜಡಿಮಳೆ ಹಿಡಿದು ಮೊಗ್ಗು ಕೊಳೆಯಿತು, ಮರುದಿನವೇ ಮದುವೆಗಳ ಮುಹೂರ್ತ. ಆ ದಿನ ನಮ್ಮ ಗಿಡಗಳಿಂದ ಒಂದು ಚೆಂಡೂ ಪೂರ್ತಿ ಆಗಲಿಲ್ಲ. ಚುಕ್ಕೆಯ ಪಕ್ಕದಲ್ಲಿ ಇದನ್ನು ಸಣ್ಣದಾಗಿ ಬರೆದು, ಮೀಸೆ ಕತ್ತರಿಸಿ, ಚಿತ್ರವನ್ನು ಮತ್ತೆ ಕಳುಹಿಸು.

ಇತಿ,
ನಿನ್ನ ಅತ್ತೆ